ಹೈಚೇರ್ ಕೊಳ್ಳುವಾಗ ಮೊದಲು ಮಗುವಿನ ಪಾದ ನೋಡಿ

ಸಾಲಾಗಿ ನಿಲ್ಲಿಸಿದ ಹೈಚೇರ್‌ಗಳ ಮುಂದೆ ಹೋಗಿ ನಿಂತರೆ ಕೈ ತಾನಾಗಿಯೇ ಕುಶನ್ ಮೇಲೆ ಹೋಗುತ್ತದೆ. ಒತ್ತಿ ನೋಡುತ್ತೇವೆ. ಮೆತ್ತಗಿದ್ದರೆ ಮಗುವಿಗೆ ಹಿತ ಅಂದುಕೊಳ್ಳುತ್ತೇವೆ. ಆದರೆ ತಿನ್ನಲು ಈಗಷ್ಟೇ ಕಲಿಯುತ್ತಿರುವ ಕೂಸಿಗೆ ಬೇಕಾದದ್ದು ಗಟ್ಟಿಯಾಗಿ ಊರಿಕೊಳ್ಳಲು ಒಂದು ನೆಲೆ, ಅದು ಶುರುವಾಗುವುದು ಪಾದದಿಂದ. ಕುರ್ಚಿಗೆ ಕಾಲೂರುವ ಹಲಗೆ ಇದೆಯೇ, ಮಗು ಬೆಳೆದಂತೆ ಅದನ್ನು ಕೆಳಕ್ಕೆ ಇಳಿಸಲು ಬರುತ್ತದೆಯೇ ಎಂಬುದನ್ನು ಎಲ್ಲಕ್ಕಿಂತ ಮೊದಲು ನೋಡಿ. ಬಣ್ಣ, ಚಕ್ರ, ಕುಶನ್ ಎಲ್ಲ ಆಮೇಲೆ.

ಯಾವಾಗ ಕೂರಿಸಬಹುದು

ಆರು ತಿಂಗಳು ತುಂಬಿದ ಮೇಲೆ ಎದೆಹಾಲಿನ ಜೊತೆಗೆ ಬೇರೆ ಆಹಾರ ಶುರು ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೈಚೇರ್ ಬೇಕಾಗುವುದೂ ಸುಮಾರು ಅದೇ ಹೊತ್ತಿಗೆ. ಆದರೆ ಕ್ಯಾಲೆಂಡರ್ ನೋಡಿ ಕೂರಿಸಬೇಡಿ, ಮಗುವನ್ನು ನೋಡಿ ಕೂರಿಸಿ. ನೆಲದ ಮೇಲೆ ಕೂರಿಸಿ ಸೊಂಟದ ಎರಡೂ ಕಡೆ ಹಗುರವಾಗಿ ಹಿಡಿದುಕೊಳ್ಳಿ. ಕತ್ತು ನೆಟ್ಟಗೆ ನಿಂತು, ಮುಂದಿಟ್ಟ ವಸ್ತುವಿಗೆ ಕೈ ಚಾಚಿದಾಗಲೂ ಮೈ ಕುಸಿಯದಿದ್ದರೆ ಸರಿ. ಒಂದೆರಡು ನಿಮಿಷದಲ್ಲೇ ತಲೆ ವಾಲಿದರೆ, ಬೆನ್ನು ಗೂನಾಗಿ ಮುಂದಕ್ಕೆ ಬಿದ್ದರೆ ಒಂದೆರಡು ವಾರ ಕಾಯಿರಿ. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಹುಟ್ಟಿದ ದಿನದಿಂದ ಲೆಕ್ಕ ಹಾಕದೆ ಹೆರಿಗೆಗೆ ಕೊಟ್ಟಿದ್ದ ದಿನದಿಂದ ಲೆಕ್ಕ ಹಾಕಿ, ವೈದ್ಯರನ್ನೂ ಒಂದು ಮಾತು ಕೇಳಿ.

ನಾಲ್ಕು ಕಡೆ ದಿಂಬು ಒತ್ತರಿಸಿ ಕೂರಿಸುವುದು ಬೇಡ. ದಿಂಬು ಮಗುವನ್ನು ನಿಲ್ಲಿಸಿದಂತೆ ಕಂಡರೂ ಅದರ ಮೈ ಇನ್ನೂ ಸಿದ್ಧವಾಗಿಲ್ಲ ಎಂಬುದನ್ನು ಮುಚ್ಚಿಡುತ್ತದೆ ಅಷ್ಟೆ.

ಹುಟ್ಟಿದ ದಿನದಿಂದಲೇ ಬಳಸಬಹುದು ಎಂದು, ಬೆನ್ನೊರಗು ಹಿಂದಕ್ಕೆ ಬಾಗುವ ಕುರ್ಚಿಗಳೂ ಸಿಗುತ್ತವೆ. ಹಸುಗೂಸನ್ನು ಊಟದ ಹೊತ್ತಿಗೆ ಹತ್ತಿರ ಇಟ್ಟುಕೊಳ್ಳಲು ಅದು ಅನುಕೂಲ. ತುತ್ತು ಕೊಡಲು ಮಾತ್ರ ಬೆನ್ನೊರಗು ಪೂರ್ತಿ ನೆಟ್ಟಗೇ ಇರಬೇಕು. ಮೈ ಹಿಂದಕ್ಕೆ ವಾಲಿದ್ದರೆ ಬಾಯಿಗಿಟ್ಟದ್ದು ಮಗು ನಾಲಿಗೆಯಿಂದ ಹೊರಳಿಸುವ ಮುಂಚೆಯೇ ಗಂಟಲಿಗೆ ಜಾರುತ್ತದೆ. ಉಸಿರು ಕಟ್ಟುವ ಅಪಾಯ ಇರುವುದು ಅಲ್ಲೇ. ಮಗು ಕುರ್ಚಿಯಲ್ಲೇ ನಿದ್ದೆ ಹೋದರೆ ಎತ್ತಿ ಸಮತಟ್ಟಾದ ಹಾಸಿಗೆಯಲ್ಲಿ ಮಲಗಿಸಿ.

ಪಾದ, ಮಂಡಿ, ಸೊಂಟ

ಎತ್ತರದ ಕಟ್ಟೆಯ ಮೇಲೆ ಕೂತು, ಕಾಲು ಇಳಿಬಿಟ್ಟು, ಬೆನ್ನಿಗೆ ಆಸರೆಯಿಲ್ಲದೆ ಒಂದು ತಟ್ಟೆ ಊಟ ಮುಗಿಸಿ ನೋಡಿ. ಹತ್ತು ನಿಮಿಷದಲ್ಲಿ ತೊಡೆ ಜೋಮು ಹಿಡಿಯುತ್ತದೆ, ಸೊಂಟ ಜಾರುತ್ತದೆ, ಒಂದು ಕೈ ಕಟ್ಟೆಗೆ ಊರಿರುತ್ತದೆ. ಮಗುವಿಗೂ ಇದೇ ಆಗುವುದು. ವ್ಯತ್ಯಾಸವೆಂದರೆ ಅದಕ್ಕೆ ಹೇಳಲು ಬರುವುದಿಲ್ಲ. ಕಾಲು ಜೋಲಾಡುತ್ತಿದ್ದರೆ ಅದರ ಶಕ್ತಿಯೆಲ್ಲ ಮೈಯನ್ನು ನೆಟ್ಟಗೆ ಹಿಡಿದಿಡಲಿಕ್ಕೇ ಖರ್ಚಾಗುತ್ತದೆ. ಅಗಿಯಲು, ನುಂಗಲು, ಬೆರಳಲ್ಲಿ ತುಣುಕು ಹಿಡಿದು ಬಾಯಿಗೆ ತರಲು ಉಳಿಯುವುದು ಸ್ವಲ್ಪವೇ. ಟ್ರೇ ಮೇಲೆ ಒರಗುವುದು, ಪಕ್ಕಕ್ಕೆ ವಾಲುವುದು, ಒಂದು ಕಾಲು ಮಡಿಚಿ ಮೇಲೆತ್ತಿಕೊಳ್ಳುವುದು, ಐದು ನಿಮಿಷಕ್ಕೇ ‘ಎತ್ಕೋ’ ಎಂದು ಕೈ ಚಾಚುವುದು ಇವೆಲ್ಲ ಹಟದಂತೆ ಕಾಣುತ್ತವೆ. ಎಷ್ಟೋ ಸಲ ಪಾದದ ಕೆಳಗೆ ಏನಾದರೂ ಗಟ್ಟಿಯಾದದ್ದು ಕೊಟ್ಟ ದಿನವೇ ಆ ಹಟ ಅರ್ಧ ಇಳಿದಿರುತ್ತದೆ.

ಸರಿಯಾಗಿ ಕೂತ ಮಗುವನ್ನು ಪಕ್ಕದಿಂದ ನೋಡಿದರೆ ಮೂರು ಕಡೆ ಮೂಲೆಮಟ್ಟ ಕಾಣಬೇಕು: ಸೊಂಟದಲ್ಲಿ ಸುಮಾರು 90 ಡಿಗ್ರಿ, ಮಂಡಿಯಲ್ಲಿ 90, ಪಾದದ ಗಂಟಿನಲ್ಲಿ 90. ಬೆರಳ ತುದಿ ಮಾತ್ರ ತಾಗಿದರೆ ಸಾಲದು, ಹಿಮ್ಮಡಿಯೂ ಸೇರಿ ಇಡೀ ಪಾದ ಹಲಗೆಯ ಮೇಲೆ ಕೂರಬೇಕು.

ಅಂಗಡಿಗೆ ಹೋಗುವ ಮುಂಚೆ ಟೇಪಿನಲ್ಲಿ ಎರಡು ಅಳತೆ ತೆಗೆದುಕೊಳ್ಳಿ. ಮಗುವನ್ನು ಯಾರಾದರೂ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡರೆ ಸಾಕು. ಮೊದಲನೆಯದು ಮಂಡಿಯ ಹಿಂಭಾಗದ ಮಡಿಕೆಯಿಂದ ಹಿಮ್ಮಡಿಯ ತಳದವರೆಗೆ. ಸೀಟಿನಿಂದ ಕಾಲುಹಲಗೆಗೆ ಇರಬೇಕಾದ ದೂರ ಇದೇ. ಎರಡನೆಯದು ಬೆನ್ನಿನ ಬುಡದಿಂದ ಮಂಡಿಯ ಹಿಂಭಾಗದವರೆಗೆ. ಸೀಟಿನ ಆಳ ಇದಕ್ಕಿಂತ ಎರಡು ಬೆರಳಿನಷ್ಟು ಕಡಿಮೆ ಇರಬೇಕು. ಸೀಟು ಇದಕ್ಕಿಂತ ಆಳವಾಗಿದ್ದರೆ ಮಂಡಿ ಅಂಚಿಗೆ ಬರುವುದೇ ಇಲ್ಲ, ಕಾಲು ಮುಂದಕ್ಕೆ ಚಾಚಿಕೊಂಡೇ ಇರುತ್ತದೆ. ಮಂಡಿ ಮಡಚಲು ಮಗು ತಾನೇ ಮುಂದಕ್ಕೆ ಜಾರುತ್ತದೆ, ಬೆನ್ನು ಬಿಲ್ಲಿನಂತೆ ಬಾಗುತ್ತದೆ, ಬೆಲ್ಟು ಹೊಟ್ಟೆಗೇರುತ್ತದೆ. ಮೆತ್ತಗಿನ, ತೊಟ್ಟಿಲಿನಂಥ ದೊಡ್ಡ ಸೀಟುಗಳ ಮುಖ್ಯ ತೊಂದರೆಯೇ ಇದು.

ಈ ಎರಡೂ ಅಳತೆ ನಿಲ್ಲುವಂಥವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯ ಪ್ರಕಾರ ಆರು ತಿಂಗಳ ಮಗುವಿನ ಸಾಮಾನ್ಯ ಉದ್ದ 66ರಿಂದ 68 ಸೆಂಟಿಮೀಟರ್, ಮೂರು ವರ್ಷಕ್ಕೆ 95ರಿಂದ 96. ನಡುವೆ ಹೆಚ್ಚುಕಡಿಮೆ ಒಂದು ಅಡಿ. ಒಂದೇ ಕಡೆ ಕೂಡಿಸಿಬಿಟ್ಟ ಕಾಲುಹಲಗೆ ಇದರಲ್ಲಿ ಕೆಲವೇ ತಿಂಗಳಿಗೆ ಹೊಂದುತ್ತದೆ. ಮೊದಲು ಪಾದ ಎಟುಕುವುದಿಲ್ಲ, ಆಮೇಲೆ ಮಂಡಿ ಎದೆಗೆ ಬರುತ್ತದೆ. ಅದಕ್ಕೇ ಹಲಗೆಗೆ ಎಷ್ಟು ಮಟ್ಟಗಳಿವೆ, ತೀರಾ ಮೇಲಿನ ಮಟ್ಟ ಆರು ತಿಂಗಳ ಕೂಸಿನ ಪಾದಕ್ಕೆ ಎಟುಕುತ್ತದೆಯೇ ಎಂದು ಟೇಪು ಹಿಡಿದೇ ನೋಡಿ. ನಾರ್ವೆಯ ವಿನ್ಯಾಸಕಾರ ಪೀಟರ್ ಓಪ್ಸ್‌ವಿಕ್ 1972ರಲ್ಲಿ ಸ್ಟೊಕ್ಕೆ ಕಂಪನಿಗಾಗಿ ಮಾಡಿದ ಟ್ರಿಪ್ ಟ್ರ್ಯಾಪ್ ಕುರ್ಚಿಯಲ್ಲಿ ಸೀಟೂ ಕಾಲುಹಲಗೆಯೂ ಕುರ್ಚಿಯ ಕಾಲುಗಳಲ್ಲಿ ಕೊರೆದ ತೋಡುಗಳಲ್ಲಿ ಕೂರುತ್ತವೆ, ಮಗು ಬೆಳೆದಂತೆ ಎರಡನ್ನೂ ಇಳಿಸುತ್ತಾ ಹೋಗಬಹುದು. ಅದೇ ತತ್ವದ ಕುರ್ಚಿಗಳನ್ನು ಈಗ ಹಲವರು ಮಾಡುತ್ತಾರೆ. ಯಾವುದನ್ನೇ ಕೊಂಡರೂ ಎರಡು ಮೂರು ತಿಂಗಳಿಗೊಮ್ಮೆ ಹಲಗೆಯ ಮಟ್ಟ ನೋಡಿ ಸರಿಪಡಿಸಿ. ಸರಿಪಡಿಸಬಹುದಾದ ಕುರ್ಚಿಯನ್ನು ಕೊಂಡು ವರ್ಷಗಟ್ಟಲೆ ಮೊದಲ ಮಟ್ಟದಲ್ಲೇ ಬಿಡುವ ಮನೆಗಳು ಬಹಳ.

ಮನೆಯಲ್ಲಿ ಆಗಲೇ ಕಾಲುಹಲಗೆಯಿಲ್ಲದ ಕುರ್ಚಿ ಇದ್ದರೆ ಅದನ್ನು ಬಿಸಾಡಬೇಕಿಲ್ಲ. ಕೆಲವು ಕುರ್ಚಿಗಳ ಕಾಲಿಗೆ ಸಿಕ್ಕಿಸುವ ಹಲಗೆ ಬೇರೆಯಾಗಿ ಸಿಗುತ್ತದೆ. ಸಿಗದಿದ್ದರೆ ಸರಿಯಾದ ಎತ್ತರದ ಗಟ್ಟಿ ರಟ್ಟಿನ ಡಬ್ಬಿಯಲ್ಲಿ ಕಾಗದ ಬಿಗಿಯಾಗಿ ತುಂಬಿ, ಕುರ್ಚಿಯ ಮುಂದಿನ ಕಾಲುಗಳಿಗೆ ಅಗಲದ ಟೇಪಿನಿಂದ ಸುತ್ತಿ ಕೂಡಿಸಿ. ಅಂಗೈಯಿಂದ ಒತ್ತಿದಾಗ ಕುಸಿಯಬಾರದು, ಅಲುಗಬಾರದು. ಒಂದು ಎಚ್ಚರಿಕೆ: ಪಾದಕ್ಕೆ ಆಸರೆ ಸಿಕ್ಕ ಮಗುವಿಗೆ ಎದ್ದು ನಿಲ್ಲುವುದೂ ಸುಲಭವಾಗುತ್ತದೆ. ಕಾಲುಹಲಗೆ ಬಂತೆಂದರೆ ಬೆಲ್ಟು ತಪ್ಪಲೇಬಾರದು.

ಟ್ರೇ ಎತ್ತರ

ಮೊಣಕೈ ಮಡಚಿ ಟ್ರೇ ಮೇಲೆ ಇಟ್ಟಾಗ ಭುಜ ಮೇಲಕ್ಕೇರಬಾರದು. ಸಣ್ಣ ಕೂಸುಗಳಿಗೆ ಟ್ರೇ ಬಹುತೇಕ ಕಂಕುಳ ಮಟ್ಟಕ್ಕೆ ಬಂದಿರುತ್ತದೆ. ಕೈ ಹಕ್ಕಿಯ ರೆಕ್ಕೆಯಂತೆ ಹೊರಚಾಚಿ, ತಟ್ಟೆಯಲ್ಲಿ ಏನಿದೆ ಎಂಬುದೇ ಕಾಣದೆ ಮಗು ಒದ್ದಾಡುತ್ತದೆ. ಟ್ರೇ ಹೊಕ್ಕುಳಿಗೂ ಎದೆಗೂ ನಡುವೆ ಬರುವಂತಿರಬೇಕು. ಟ್ರೇ ಇಳಿಯದ ಕುರ್ಚಿಯಾದರೆ ಮಗುವನ್ನೇ ಏರಿಸಬೇಕು: ಟವೆಲನ್ನು ಬಿಗಿಯಾಗಿ ಮಡಿಸಿ, ಜಾರದ ರಬ್ಬರ್ ಬಲೆಯ ಹಾಸಿನಲ್ಲಿ ಸುತ್ತಿ ಸೀಟಿಗೆ ಹಾಕಿ. ದಪ್ಪ ಸ್ಪಂಜು ಬೇಡ, ಮಗು ಅದರಲ್ಲಿ ಮುಳುಗಿ ಒಂದು ಕಡೆಗೆ ವಾಲುತ್ತದೆ. ಸೀಟು ಅಗಲವಾಗಿ ಮಗು ಅತ್ತಿತ್ತ ಓಲಾಡುತ್ತಿದ್ದರೆ ಸೊಂಟದ ಎರಡೂ ಪಕ್ಕ ಸುರುಳಿ ಸುತ್ತಿದ ಸಣ್ಣ ಟವೆಲ್ ಇಡಿ. ಸೊಂಟದ ಮಟ್ಟಕ್ಕೇ ನಿಲ್ಲಿಸಿ, ಪಕ್ಕೆಲುಬಿನವರೆಗೆ ಬಂದರೆ ಕೈಯಾಡುವುದಿಲ್ಲ. ಇದನ್ನೆಲ್ಲ ಮಾಡಿದ ಮೇಲೂ ಬೆಲ್ಟು ಸೊಂಟದ ಮೇಲೇ ಬಿಗಿಯಾಗಿ ಕೂರುತ್ತಿದೆಯೇ ನೋಡಿ.

ಹೊಟ್ಟೆಗೂ ಟ್ರೇಗೂ ನಡುವೆ ಎರಡು ಮೂರು ಬೆರಳು ಆಡುವಷ್ಟು ಜಾಗ ಸಾಕು.

ಟ್ರೇ ತೆಗೆಯುವ ಗುಂಡಿ ದೊಡ್ಡವರ ಒಂದು ಕೈಗೆ ಸಿಗಬೇಕು, ಮಗುವಿನ ಕೈಗೆ ಸಿಗಬಾರದು. ಅಂಗಡಿಯಲ್ಲೇ ಎಡಗೈಯನ್ನು ಮಗು ಹಿಡಿದಂತೆ ಎದೆಗೆ ಒತ್ತಿಕೊಂಡು ಬಲಗೈಯೊಂದರಲ್ಲೇ ಟ್ರೇ ತೆಗೆದು ಹಾಕಿ ನೋಡಿ. ಒಂದಿಷ್ಟು ಜಗ್ಗಿದರೆ ಬಂತು, ಇಲ್ಲವಾದರೆ ಇಲ್ಲ ಎನ್ನುವಂಥದ್ದು ದಿನಕ್ಕೆ ನಾಲ್ಕು ಸಲ ನಿಮ್ಮ ತಾಳ್ಮೆ ತಿನ್ನುತ್ತದೆ. ಕೂಡಿಸಿದಾಗ ಎರಡೂ ಕಡೆ ‘ಟಕ್’ ಎಂಬ ಸದ್ದು ಬರಬೇಕು. ಒಂದೇ ಕಡೆ ಕೂಡಿದ ಟ್ರೇ ಮೇಲೆ ಮಗು ಭಾರ ಹಾಕಿದರೆ ಕಳಚಿ ಬರುತ್ತದೆ.

ಟ್ರೇಯನ್ನು ತೆಗೆದಿಟ್ಟು ಮಗುವನ್ನು ದೊಡ್ಡವರ ಮೇಜಿಗೇ ಎಳೆದು ಕೂರಿಸುವ ಯೋಚನೆಯಿದ್ದರೆ ನಿಮ್ಮ ಮೇಜಿನ ಎತ್ತರವನ್ನೂ, ಮೇಲ್ಹಲಗೆಯ ಕೆಳಗಿನ ಅಡ್ಡಪಟ್ಟಿಯನ್ನೂ ಅಳೆದುಕೊಳ್ಳಿ. ಮಗುವಿನ ತೊಡೆ ಆ ಪಟ್ಟಿಯ ಕೆಳಗೆ ಹೋಗದಿದ್ದರೆ ಕುರ್ಚಿ ಹತ್ತಿರ ಬರುವುದೇ ಇಲ್ಲ.

ಬೆಲ್ಟು ಮತ್ತು ನಡುವಿನ ಗೂಟ

ಹೈಚೇರಿನಿಂದ ಮಕ್ಕಳು ಬೀಳುವುದು ಹೆಚ್ಚಾಗಿ ಬೆಲ್ಟು ಹಾಕದೆ ಬಿಟ್ಟಾಗ, ಎದ್ದು ನಿಂತಾಗ ಅಥವಾ ಹತ್ತಲು ಹೋದಾಗ. ತಲೆ ಭಾರ, ಎತ್ತರ ಹೆಚ್ಚು, ಆದ್ದರಿಂದ ಪೆಟ್ಟಾಗುವುದು ತಲೆಗೇ. ಟ್ರೇ ಇದೆಯಲ್ಲ, ಅದೇ ತಡೆಯುತ್ತದೆ ಎಂಬುದು ತಪ್ಪು ಲೆಕ್ಕ. ಟ್ರೇ ತಟ್ಟೆ ಇಡಲು ಇರುವುದು, ಮಗುವನ್ನು ಹಿಡಿಯಲು ಅಲ್ಲ.

ಮಗು ಕೆಳಕ್ಕೆ ಜಾರುವುದು ಇನ್ನೂ ಕೆಟ್ಟದ್ದು. ಮೈ ಟ್ರೇ ಕೆಳಗೆ ನುಸುಳಿ ಕತ್ತು ಅಂಚಿಗೆ ಸಿಕ್ಕಿಕೊಂಡರೆ ಕೂಗಲೂ ಆಗುವುದಿಲ್ಲ. ಇದನ್ನು ತಡೆಯುವುದು ಎರಡು ತೊಡೆಗಳ ನಡುವೆ ಬರುವ ಗಟ್ಟಿ ಗೂಟ. ಅದು ಸೀಟಿಗೋ ಟ್ರೇಗೋ ಕದಲದಂತೆ ಕೂಡಿರಬೇಕು. ಯಾರಾದರೂ ಬೆಲ್ಟು ಹಾಕಲು ಮರೆತ ದಿನ ಕೆಲಸಕ್ಕೆ ಬರುವುದು ಅದೇ. ಬೆಲ್ಟಿಗೂ ತೊಡೆಗಳ ನಡುವೆ ಬರುವ ಪಟ್ಟಿ ಇರಲೇಬೇಕು. ಸೊಂಟಕ್ಕೆ ಮಾತ್ರ ಸುತ್ತುವ ಬೆಲ್ಟಿನ ಕುರ್ಚಿ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಮೂರು ಕಡೆ ಹಿಡಿಯುವ ಬೆಲ್ಟು ಸೊಂಟದ ಎರಡು ಪಕ್ಕ ಮತ್ತು ನಡುವಿನಿಂದ ಬರುತ್ತದೆ. ಐದು ಕಡೆಯದ್ದಕ್ಕೆ ಭುಜದ ಪಟ್ಟಿಗಳೂ ಇರುತ್ತವೆ. ಎದ್ದು ನಿಲ್ಲಲು ಕಲಿತ, ಒಂದು ಕ್ಷಣ ಸುಮ್ಮನಿರದ ಮಗುವಿಗೆ ಐದರದ್ದೇ ಬೇಕು ಎಂಬುದು ನಮ್ಮ ಅಭಿಪ್ರಾಯ. ಪಟ್ಟಿ ತಿರುಚಿಕೊಂಡಿರಬಾರದು, ಸೊಂಟದ ಎಲುಬಿನ ಮೇಲೆ ತಗ್ಗಾಗಿ ಕೂರಬೇಕು, ಪಟ್ಟಿಗೂ ಮೈಗೂ ನಡುವೆ ಚಪ್ಪಟೆಯಾಗಿ ಒಂದೆರಡು ಬೆರಳು ಮಾತ್ರ ಹೋಗಬೇಕು. ದಪ್ಪ ಬಟ್ಟೆ ಹಾಕಿದ ದಿನ ಸಡಿಲಿಸಿದ್ದನ್ನು ತೆಳು ಬಟ್ಟೆಯ ದಿನ ಮತ್ತೆ ಬಿಗಿ ಮಾಡಲು ಹೆಚ್ಚಿನವರು ಮರೆಯುತ್ತಾರೆ.

ಬಕಲ್ ಒಂದು ಕೈಯಲ್ಲಿ ಬಿಚ್ಚಲು ಬರುತ್ತದೆಯೇ ಎಂದು ನೋಡಿ. ಗಂಟಲಿಗೆ ಏನಾದರೂ ಸಿಕ್ಕಿಕೊಂಡರೆ ಮಗುವನ್ನು ಕುರ್ಚಿಯಿಂದ ಹೊರತೆಗೆಯಲು ಸಿಗುವುದು ಕೆಲವೇ ಕ್ಷಣ. ಮನೆಯಲ್ಲಿ ಮಗುವಿಗೆ ಉಣಿಸುವವರೆಲ್ಲರೂ, ಅಜ್ಜಿ ತಾತನೂ ಸೇರಿ, ಖಾಲಿ ಕುರ್ಚಿಯಲ್ಲಿ ಟ್ರೇ ತೆಗೆದು ಬಕಲ್ ಬಿಚ್ಚುವುದನ್ನು ಹತ್ತು ಸಲ ಮಾಡಿ ಕೈಗೆ ರೂಢಿ ಮಾಡಿಕೊಳ್ಳಲಿ.

ಅಲುಗಾಡಿಸಿ ನೋಡಿ

ಕಾಲುಗಳು ಕೆಳಗೆ ಅಗಲವಾಗಿ ಹರಡಿರಬೇಕು, ಸೀಟಿಗಿಂತ ಹೊರಗೆ ಚಾಚಿರಬೇಕು. ಬೆನ್ನೊರಗಿನ ತುದಿ ಹಿಡಿದು ಹಿಂದಕ್ಕೆ, ಆಮೇಲೆ ಪಕ್ಕಕ್ಕೆ ಸ್ವಲ್ಪ ಬಲವಾಗಿಯೇ ತಳ್ಳಿ. ಹಗುರವಾಗಿ ತಳ್ಳಿದ್ದಕ್ಕೇ ಎರಡು ಕಾಲು ಎದ್ದರೆ ಆ ಕುರ್ಚಿ ಬೇಡ. ಒಂದು ವರ್ಷದ ಮಗು ಎದುರಿನ ಮೇಜಿಗೋ ಗೋಡೆಗೋ ಪಾದ ಕೊಟ್ಟು ಒದ್ದರೆ ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಟ್ರೇ ಇರುವ ಕುರ್ಚಿಯನ್ನು ಮಗುವಿನ ಕಾಲು ಯಾವುದಕ್ಕೂ ಎಟುಕದಷ್ಟು ದೂರ ಇಡಿ. ಒಲೆ, ಬಿಸಿ ಪಾತ್ರೆ, ಮೇಜಿನಿಂದ ಇಳಿಬಿದ್ದ ಬಟ್ಟೆ, ಕಿಟಕಿ ಪರದೆಯ ಹಗ್ಗ ಇವು ಕೈಗೂ ಎಟುಕಬಾರದು.

ಚಕ್ರಗಳಿದ್ದರೆ ಲಾಕ್ ಇರಬೇಕು, ಮಗು ಕೂತಿರುವಷ್ಟು ಹೊತ್ತೂ ಲಾಕ್ ಹಾಕಿರಬೇಕು. ಮಡಿಸುವ ಕುರ್ಚಿಯನ್ನು ಬಿಡಿಸಿದ ಮೇಲೆ ತಾನಾಗಿ ಲಾಕ್ ಬೀಳುತ್ತದೆಯೇ, ಮಡಿಸುವ ಕೀಲುಗಳ ಸಂದಿಗೆ ಬೆರಳು ಹೋಗುತ್ತದೆಯೇ ನೋಡಿ. ದೊಡ್ಡ ಅಕ್ಕ ಅಣ್ಣ ಇರುವ ಮನೆಯಲ್ಲಿ ಸಿಕ್ಕುವುದು ಅವರ ಬೆರಳು.

ಮಾನದಂಡದ ಗುರುತನ್ನೂ ಹುಡುಕಿ. ಯುರೋಪಿನ ಹೈಚೇರ್ ಮಾನದಂಡ ಇಎನ್ 14988, ಅಮೆರಿಕದ್ದು ಎಎಸ್‌ಟಿಎಂ ಎಫ್404. ಕುರ್ಚಿ ಮಗುಚುವುದೇ, ಮುರಿಯುವುದೇ, ಮಗು ಜಾರಿ ಹೊರಬರುವುದೇ, ಬೆರಳು ಸಿಕ್ಕುವುದೇ ಎಂಬುದನ್ನೆಲ್ಲ ಇವುಗಳ ಪ್ರಕಾರ ಪರೀಕ್ಷೆ ಮಾಡಿರುತ್ತಾರೆ. ಸಂಖ್ಯೆ ಡಬ್ಬದ ಮೇಲೋ ಸೀಟಿನ ತಳದ ಚೀಟಿಯಲ್ಲೋ ಇರುತ್ತದೆ. ನಿಮ್ಮ ಮಗುವಿನ ಅಳತೆಗೆ ಕುರ್ಚಿ ಹೊಂದುತ್ತದೆಯೇ ಎಂಬುದನ್ನು ಮಾತ್ರ ಯಾವ ಚೀಟಿಯೂ ಹೇಳುವುದಿಲ್ಲ.

ಮೇಜಿಗೆ ಸಿಕ್ಕಿಸುವವು, ಕುರ್ಚಿಗೆ ಕಟ್ಟುವವು

ಜಾಗ ಕಡಿಮೆ ಇರುವವರು, ಪ್ರಯಾಣ ಮಾಡುವವರು ಮೇಜಿನ ಅಂಚಿಗೆ ಸಿಕ್ಕಿಸುವ ಸೀಟು ಕೊಳ್ಳುತ್ತಾರೆ. ಗಾಜಿನ ಮೇಜು, ನಡುವೆ ಒಂದೇ ಕಾಲಿರುವ ಮೇಜು, ಎಳೆದು ಉದ್ದ ಮಾಡುವ ತುಂಡು ಹಲಗೆ ಇವುಗಳಿಗೆ ಅದನ್ನು ಹಾಕಲೇಬಾರದು. ಮೇಜುಬಟ್ಟೆಯ ಮೇಲೆ ಹಿಡಿಕೆ ಕೂಡಿಸಿದರೆ ಜಾರುತ್ತದೆ. ಮಗುವಿನ ಕಾಲಡಿಗೆ ಬೇರೆ ಕುರ್ಚಿ ಎಳೆದಿಟ್ಟರೆ ಅದನ್ನು ಒದ್ದು ಸೀಟನ್ನೇ ಮೇಲಕ್ಕೆತ್ತಿಬಿಡುತ್ತದೆ. ಪಾದಕ್ಕೆ ಆಸರೆ ಹೇಗೂ ಸಿಗದಿರುವುದರಿಂದ ದಿನನಿತ್ಯದ ಊಟಕ್ಕೆ ಇದನ್ನು ನಾವು ಹೇಳುವುದಿಲ್ಲ.

ದೊಡ್ಡವರ ಕುರ್ಚಿಗೆ ಕಟ್ಟುವ ಬೂಸ್ಟರ್ ಸೀಟು ಚೆನ್ನಾಗಿ ಕೂರಬಲ್ಲ ಮಗುವಿಗೆ ಸರಿ. ಅದಕ್ಕೆ ಎರಡು ಪಟ್ಟಿ ಬೇಕು, ಒಂದು ಬೆನ್ನೊರಗಿಗೆ, ಇನ್ನೊಂದು ಸೀಟಿನ ಕೆಳಗೆ ಸುತ್ತಿ ಬರುವುದು. ಬೆನ್ನೊರಗಿಲ್ಲದ ಸ್ಟೂಲಿಗೆ, ಮಡಿಸುವ ಕುರ್ಚಿಗೆ ಕಟ್ಟಬೇಡಿ.

ಒರೆಸುವವರ ಕಣ್ಣಿನಿಂದ

ಕುರ್ಚಿಯನ್ನು ದಿನಕ್ಕೆ ಮೂರು ನಾಲ್ಕು ಸಲ ಒರೆಸಬೇಕು. ಸೀಟು ಬೆನ್ನೊರಗಿಗೆ ಸೇರುವ ಮೂಲೆಗೆ ಕಿರುಬೆರಳು ಹಾಕಿ ನೋಡಿ. ಒಳಗೆ ಹೋದ ಅಗುಳು ಒಂದೇ ಒರೆತಕ್ಕೆ ಬರುವಂತಿದ್ದರೆ ಒಳ್ಳೆಯದು. ಹೊಲಿಗೆ, ಗುಂಡಿ, ಮಡಿಕೆಗಳಿರುವ ಕುಶನ್‌ಗಳಲ್ಲಿ ಚೆಲ್ಲಿದ ಹಾಲು ಹೊಲಿಗೆಯ ತೂತುಗಳಿಂದ ಸ್ಪಂಜಿಗೆ ಇಳಿದು ಒಳಗೇ ಹುಳಿಯಾಗುತ್ತದೆ, ಮೇಲೆ ಎಷ್ಟು ಒರೆಸಿದರೂ ವಾಸನೆ ಹೋಗುವುದಿಲ್ಲ. ಕವರ್ ಬಿಚ್ಚಿ ಒಗೆಯಲು ಬರದಿದ್ದರೆ ಕುಶನ್ ಇಲ್ಲದ ಕುರ್ಚಿಯೇ ಲೇಸು.

ಬೇಗ ಕೊಳೆಯಾಗುವುದು ಬಕಲ್. ಅಂಟು ಒಳಗೆ ಸೇರಿ ಒಣಗಿದರೆ ‘ಟಕ್’ ಎಂದರೂ ಪೂರ್ತಿ ಕೂಡಿರುವುದಿಲ್ಲ, ಎಳೆದರೆ ಬಿಚ್ಚಿಕೊಳ್ಳುತ್ತದೆ. ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಳೆಯ ಟೂತ್‌ಬ್ರಶ್‌ನಿಂದ ತಿಕ್ಕಿ ಒಣಗಿಸಿ. ಪಟ್ಟಿಗಳಿಗೆ ಸೌಮ್ಯವಾದ ಸೋಪು ಸಾಕು, ಬ್ಲೀಚ್ ಹಾಕಿದರೆ ನೂಲು ಸತ್ವ ಕಳೆದುಕೊಳ್ಳುತ್ತದೆ.

ಪ್ಲಾಸ್ಟಿಕ್ ಹಗುರ, ತೊಳೆಯಲು ಸುಲಭ. ಮರ ಭಾರ, ಬಾಳಿಕೆ ಹೆಚ್ಚು. ಆದರೆ ಅದು ತೇವಕ್ಕೆ ಹಿಗ್ಗಿ ಬಿಸಿಲಿಗೆ ಕುಗ್ಗುವುದರಿಂದ ಬೋಲ್ಟ್‌ಗಳು ಸಡಿಲವಾಗುತ್ತವೆ. ಜೋಡಿಸಿದ ಎರಡು ವಾರಕ್ಕೆ ಒಮ್ಮೆ, ಆಮೇಲೆ ತಿಂಗಳಿಗೊಮ್ಮೆ ಬಿಗಿ ಮಾಡಿ. ಮರವನ್ನು ನೀರಿನಲ್ಲಿ ನೆನೆಸಬೇಡಿ, ಹಿಂಡಿದ ಬಟ್ಟೆಯಿಂದ ಒರೆಸಿ ತಕ್ಷಣ ಒಣಬಟ್ಟೆಯಿಂದ ಒರೆಸಿ.

ಹಳೆಯದನ್ನು ಕೊಳ್ಳುವುದಾದರೆ

ಒಳ್ಳೆಯ ಕುರ್ಚಿಯನ್ನು ಎರಡನೇ ಕೈಯಿಂದ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಬೆಲ್ಟು ಪೂರ್ತಿ ಇದೆಯೇ, ಪಟ್ಟಿಯ ಅಂಚು ಸುಕ್ಕು ಹಿಡಿದು ನೂಲು ಬಿಟ್ಟಿದೆಯೇ, ಬಕಲ್ ಜಗ್ಗಿದರೆ ತಡೆಯುತ್ತದೆಯೇ ನೋಡಿ. ಬೋಲ್ಟ್ ಸುತ್ತಲಿನ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆಯಂಥ ಬಿರುಕು ಮೂಡಿದ್ದರೆ ಬೇಡ, ಅದು ಮುರಿಯಲು ಶುರುವಾಗುವ ಜಾಗ. ನಡುವಿನ ಗೂಟವಿಲ್ಲದ ತೀರಾ ಹಳೆಯ ಕುರ್ಚಿ ಬೇಡ. ತಳದ ಚೀಟಿಯಲ್ಲಿ ಮಾದರಿ ಸಂಖ್ಯೆ ಇರುತ್ತದೆ. ಆ ಮಾದರಿಯನ್ನು ಕಂಪನಿ ಹಿಂದಕ್ಕೆ ಕರೆಸಿಕೊಂಡಿದೆಯೇ ಎಂದು ಕಂಪನಿಯ ಜಾಲತಾಣದಲ್ಲಿ ಹುಡುಕಿ. ಬಿದ್ದುಹೋದ ಬೋಲ್ಟಿಗೆ ಕೈಗೆ ಸಿಕ್ಕಿದ್ದನ್ನು ಹಾಕದೆ ಅದೇ ಅಳತೆಯದನ್ನು ತರಿಸಿ.

ಕೂರಿಸುವಾಗ, ಎಬ್ಬಿಸುವಾಗ

ಚಕ್ರದ ಲಾಕ್ ಹಾಕಿ, ಟ್ರೇ ತೆಗೆದಿಡಿ. ಮಗುವಿನ ಸೊಂಟ ಬೆನ್ನೊರಗಿಗೆ ತಾಗುವಷ್ಟು ಹಿಂದಕ್ಕೆ ಕೂರಿಸಿ ಮೊದಲು ಬೆಲ್ಟು ಕೂಡಿಸಿ, ಎಳೆದು ಬಿಗಿ ಮಾಡಿ, ಆಮೇಲೆ ಟ್ರೇ. ಟ್ರೇ ಒಳಕ್ಕೆ ತಳ್ಳುವಾಗ ಮಗುವಿನ ಎರಡೂ ಕೈ ಮೇಲಿವೆಯೇ ನೋಡಿ, ಬೆರಳು ಸಿಕ್ಕುವುದು ಆ ಕ್ಷಣದಲ್ಲೇ. ಎಬ್ಬಿಸುವಾಗ ಟ್ರೇ ಮೊದಲು ತೆಗೆದು, ಒಂದು ಕೈ ಮಗುವಿನ ಎದೆಯ ಮೇಲಿಟ್ಟುಕೊಂಡೇ ಬಕಲ್ ಬಿಚ್ಚಿ. ತಿನ್ನುತ್ತಿರುವ ಮಗುವನ್ನು ಬಿಟ್ಟು ಪಕ್ಕದ ಕೋಣೆಗೂ ಹೋಗಬೇಡಿ.

ಮೊದಲ ದಿನಗಳಲ್ಲಿ ಹತ್ತು ಹದಿನೈದು ನಿಮಿಷ ಕೂತರೆ ಸಾಕು. ಊಟ ಮುಗಿದರೆ ಇಳಿಸಿ. ಕೈಕೆಲಸ ಮುಗಿಯುವವರೆಗೆ ಅಲ್ಲೇ ಇರಲಿ ಎಂದು ಕಟ್ಟಿಹಾಕಿದರೆ ಮಗು ಕುರ್ಚಿಯನ್ನೇ ದ್ವೇಷಿಸಲು ಕಲಿಯುತ್ತದೆ.

ಮಗು ತಾನಾಗಿ ಹತ್ತಿ ಇಳಿಯಲು ಕಲಿತು, ಬೆಲ್ಟಿಲ್ಲದೆಯೂ ಊಟ ಮುಗಿಯುವವರೆಗೆ ಕೂರಬಲ್ಲದಾದರೆ, ಅಥವಾ ಚೀಟಿಯ ಮೇಲಿನ ತೂಕ ದಾಟಿದರೆ ಹೈಚೇರ್ ಸಾಕು. ಹಲವು ಮಕ್ಕಳಿಗೆ ಇದು ಮೂರು ವರ್ಷದ ಆಚೀಚೆ ಬರುತ್ತದೆ. ಮಗುವಿನ ಜೊತೆ ಬೆಳೆಯುವ ಕುರ್ಚಿಯಾದರೆ ಬೆಲ್ಟನ್ನೂ ಗೂಟವನ್ನೂ ಬಿಚ್ಚಿ ಮುಂದೆಯೂ ಬಳಸಬಹುದು. ಬಿಚ್ಚಿದ ಬೆಲ್ಟು, ಗೂಟ, ಬೋಲ್ಟ್, ಕೀಲಿಗಳನ್ನು ಒಂದು ಚೀಲಕ್ಕೆ ಹಾಕಿ ಸೀಟಿನ ತಳಕ್ಕೇ ಕಟ್ಟಿಡಿ, ಕುರ್ಚಿ ಇನ್ನೊಂದು ಮಗುವಿಗೆ ಹೋಗುವಾಗ ಅವೂ ಜೊತೆಯಲ್ಲೇ ಹೋಗುತ್ತವೆ.